ನಿಲ್ಲಿಸಿಟ್ಟ ಕಲ್ಲು

ಊರಿನವರ ಬಾಯಲ್ಲಿ ಅವರು ರಸಮಟ್ಟ. ಕಟ್ಟಿದ್ದು ಮಟ್ಟವಾಗಿದೆಯೇ ಎಂದು ನೋಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಆ ಸಣ್ಣ ಪಟ್ಟಿಯನ್ನು ನಲವತ್ತು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಕಲ್ಲುಕೆಲಸದ ಮೇಸ್ತ್ರಿಗೆ ಬೇರೆ ಹೆಸರು ಬೇಕಾಗಿಯೂ ಇರಲಿಲ್ಲ. ನೆಂಟರ ಮನೆಗೆ ಹೋದರೆ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡುವ ಮನುಷ್ಯ. ಕೈಕೆಳಗಿನವರು ಇಟ್ಟ ಕಲ್ಲು ಕೂದಲೆಳೆಯಷ್ಟು ವಾಲಿದರೂ ಕೀಳಿಸಿ ಮತ್ತೆ ಇಡಿಸುತ್ತಿದ್ದರು. ಹೀಗೆ ಊರಿಗೆಲ್ಲ ಮಟ್ಟ ಹಿಡಿಯುವವರ ಮನೆಯಲ್ಲೂ ಒಂದು ಮೂಲೆ ಗುಡಿಸದೆ ಉಳಿದಿರುತ್ತದೆ.

ಅರವತ್ತಾರನೆಯ ವಯಸ್ಸಿನಲ್ಲಿ, ಕೆಲಸ ಬಿಟ್ಟ ಮರುವರ್ಷ, ಅವರು ಹಳೆಯ ಸೈಕಲ್ಲನ್ನು ಅಟ್ಟದಿಂದ ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು, ಹತ್ತು ದಿನ ಒಬ್ಬರೇ ನಾಲ್ಕು ಕೋಟೆ ನೋಡಿಕೊಂಡು ಬರುವುದಾಗಿ ಹೇಳಿದರು.

"ಬಸ್ಸಿದೆಯಲ್ಲಪ್ಪಾ" ಎಂದಳು ಮಗಳು.

"ಬಸ್ಸು ಬೇಗ ತಲುಪಿಸಿಬಿಡುತ್ತಮ್ಮಾ. ನನಗೇನು ಅವಸರ?"

ಹೆಂಡತಿ ಮಾತ್ರ ನಗಲಿಲ್ಲ. ಸ್ವೆಟರ್ ಮಡಿಸಿ ಚೀಲಕ್ಕೆ ತುರುಕುತ್ತಾ, "ಹೊಳೆದಂಡೆ ಕೋಟೆಗೂ ಹೋಗ್ತೀರಾ?" ಎಂದು ಕೇಳಿದರು.

"ಹ್ಞೂಂ. ಕೊನೇಲಿ."

ಗುಡಿಸದ ಮೂಲೆ ಇದ್ದದ್ದು ಅಲ್ಲಿಯೇ. ನಲವತ್ತೆರಡು ವರ್ಷದ ಹಿಂದೆ ಆ ಕೋಟೆಯ ಹೆಬ್ಬಾಗಿಲಿನ ದುರಸ್ತಿ ನಡೆದಾಗ ಅವರು ಇನ್ನೂ ಕೆಲಸ ಕಲಿಯುತ್ತಿದ್ದರು. ಅಲ್ಲಿನದು ಪದರ ಪದರದ ಮರಳುಗಲ್ಲು. ಅಂಥ ಕಲ್ಲು ಗಣಿಯಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಪದರ ನಿಲ್ಲಿಸಿ ಇಟ್ಟರೆ ಈರುಳ್ಳಿಯ ಹಾಗೆ ಸುಲಿಯುತ್ತಾ ಹೋಗುತ್ತದೆ. ಕಸುಬಿನವರಿಗೆ ಇದು ಮೊದಲ ಪಾಠ. ಒಂದು ಸಂಜೆ ಹಿರಿಯ ಮೇಸ್ತ್ರಿ ಸುಣ್ಣ ನೋಡಲು ಹೋಗಿದ್ದಾಗ, ದಿನದ ಕೊನೆಯ ಕಲ್ಲು ಮಲಗಿಸಿದರೆ ಹಿಡಿಸಲಿಲ್ಲ, ನಿಲ್ಲಿಸಿದರೆ ಅಳತೆ ಮಾಡಿಸಿದ ಹಾಗೆ ಕೂತಿತು. ಕೂರಿಸಿ, ಸಂದಿಗೆ ಗಾರೆ ಮೆತ್ತಿ, ಕೈ ತೊಳೆದುಕೊಂಡರು. ಬೆಳಗ್ಗೆ ಹೇಳಿಬಿಡೋಣ ಎಂದುಕೊಂಡದ್ದು ನಿಜ. ಬೆಳಗ್ಗೆ ಬಾಯಿ ಬರಲಿಲ್ಲ.

ಆ ಹಿರಿಯ ಮೇಸ್ತ್ರಿ ಮುಂದಿನ ವರ್ಷ ತಮ್ಮ ಮಗಳನ್ನೇ ಇವರಿಗೆ ಕೊಟ್ಟರು. ಜೊತೆಗೆ ತಮ್ಮ ರಸಮಟ್ಟವನ್ನೂ ಕೊಟ್ಟು, "ಇಟ್ಕೋ, ಬೇಕಾಗುತ್ತೆ" ಎಂದರು. ಹೆಂಡತಿಗೆ ತಂದೆಯೆಂದರೆ ಪ್ರಾಣ. ಮನೆಗೆ ಯಾರೇ ಬರಲಿ, "ಹೊಳೆದಂಡೆ ಕೋಟೆ ಬಾಗಿಲು ನಮ್ಮಪ್ಪ ಕಟ್ಟಿಸಿದ್ದು, ಅದರಲ್ಲಿ ಒಂದು ಕಲ್ಲೂ ತಪ್ಪಿಲ್ಲ" ಎಂದು ಹೇಳದೆ ಕಳಿಸಿದವರಲ್ಲ. ಆ ಮಾತು ಬಂದಾಗಲೆಲ್ಲ ನಮ್ಮ ಮೇಸ್ತ್ರಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಮಾವ ತೀರಿಕೊಂಡು ಇಪ್ಪತ್ತು ವರ್ಷವಾದರೂ ಆ ಬಾಗಿಲಿನ ಕಡೆ ತಲೆ ಹಾಕಿರಲಿಲ್ಲ. ಈಗ ಒಮ್ಮೆ ಕಣ್ಣಾರೆ ನೋಡಿ, ಹೆಂಡತಿಗೆ ಹೇಳಿಬಿಡಬೇಕು. ಹೊರಟದ್ದು ಅದಕ್ಕೆ.

ಆದರೆ ಹೆದರಿಕೆಯಲ್ಲೂ ಮನುಷ್ಯ ಎಷ್ಟು ಹಾಯಾಗಿ ಸುತ್ತಬಲ್ಲ! ಮೊದಲ ಕೋಟೆ ಗುಡ್ಡದ ಮೇಲಿತ್ತು. ಸೈಕಲ್ ತಳ್ಳಿಕೊಂಡು ಹತ್ತಿ, ನೆರಳಲ್ಲಿ ಬ್ರೆಡ್ಡು ತಿಂದು, ಬುರುಜಿನ ಮೇಲೆ ಒಂದು ನಿದ್ದೆ ತೆಗೆದರು. ಎರಡನೆಯದರ ಸುತ್ತ ನೀರು. ಅಲ್ಲಿನ ಮೆಟ್ಟಿಲು ಒಂದೊಂದನ್ನೂ ತಟ್ಟಿ ನೋಡಿ, ಕಟ್ಟಿದವರನ್ನು ಮನಸಾರೆ ಹೊಗಳಿದರು. ಮೂರನೆಯದು ಅರ್ಧ ಬಿದ್ದಿತ್ತು. ಉಳಿದರ್ಧದಲ್ಲಿ ಪಾರಿವಾಳಗಳ ಸಂಸಾರ. ಅಲ್ಲಿಂದ ಹೊಳೆದಂಡೆಗೆ ಮೂರು ಗಂಟೆಯ ದಾರಿ. ಅವರು ಎರಡು ದಿನ ತೆಗೆದುಕೊಂಡರು. ಸರಿಯಾಗಿದ್ದ ಬ್ರೇಕನ್ನೇ ಮೂರು ಸಲ ಸರಿಮಾಡಿದರು. ಪ್ರತಿ ಸಂಜೆ ಹೆಂಡತಿಯ ಫೋನು: "ಇನ್ನೆಷ್ಟು ಕೋಟೆ ಉಳೀತು?"

"ಒಂದೇ."

"ಹೋಗಿ ಮತ್ತೆ."

ಒಂಬತ್ತನೆಯ ದಿನ ಬೆಳಗ್ಗೆ ಹೆಬ್ಬಾಗಿಲಿನ ಮುಂದೆ ಸೈಕಲ್ ನಿಲ್ಲಿಸಿದರು. ಹುಡುಕುವ ಕೆಲಸವೇ ಇರಲಿಲ್ಲ. ಎಡಗಡೆ, ಎದೆಮಟ್ಟದಲ್ಲಿ, ಸುತ್ತಲ ಕಲ್ಲುಗಳೆಲ್ಲ ಸಪಾಟಾಗಿದ್ದರೆ ಅದೊಂದು ಮಾತ್ರ ಗೇಣುದ್ದ ಒಳಗೆ ಸವೆದು ಬಟ್ಟಲಾಗಿತ್ತು. ಅದರ ಮುಂದೆ ಹತ್ತು ಹನ್ನೆರಡು ಪ್ರವಾಸಿಗರು ನಿಂತಿದ್ದರು. ಕೋಟೆ ತೋರಿಸುವ ಗೈಡ್ ಕೋಲು ಚಾಚಿ, "ನೋಡಿ, ಶತ್ರುಗಳ ಫಿರಂಗಿ ಗುಂಡು ಬಿದ್ದಿದ್ದು ಇಲ್ಲೇ! ಇಡೀ ಸೈನ್ಯ ಬಂದ್ರೂ ಈ ಬಾಗಿಲು ಅಲ್ಲಾಡ್ಲಿಲ್ಲ" ಎನ್ನುತ್ತಿದ್ದ. ಜನ ಒಬ್ಬೊಬ್ಬರಾಗಿ ಗುಂಡಿಯಲ್ಲಿ ಕೈಯಿಟ್ಟು ಫೋಟೋ ತೆಗೆಸಿಕೊಂಡರು.

ಅವರೆಲ್ಲ ಮುಂದೆ ಹೋದ ಮೇಲೆ ಮೇಸ್ತ್ರಿ ಗೈಡನ್ನು ಪಕ್ಕಕ್ಕೆ ಕರೆದರು. "ಅದು ಫಿರಂಗಿ ಅಲ್ಲಪ್ಪಾ, ನಾನು. ಕಲ್ಲನ್ನ ನಿಲ್ಲಿಸಿಟ್ಟೆ, ಅದಕ್ಕೇ ಸುಲ್ಕೊಂಡಿದೆ. ಒಂದು ದಿನ ಕೊಟ್ರೆ ಬದಲಾಯಿಸ್ತೀನಿ, ಕೂಲಿ ಬೇಡ."

ಗೈಡ್ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಯಜಮಾನ್ರೇ, ಹನ್ನೆರಡು ವರ್ಷದಿಂದ ಇದೇ ಗುಂಡು ಹೇಳ್ಕೊಂಡು ಅನ್ನ ತಿಂತಿದೀನಿ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಮೇಸ್ತ್ರಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಗುಂಡಿಯೊಳಗೆ ಕೈಯಿಟ್ಟರೆ ಮರಳಿನ ಪುಡಿ ಬೆರಳಿಗೆ ಅಂಟಿತು. ಅಲ್ಲೇ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡಿದರು.

"ನೋಡೇ, ನಿಮ್ಮಪ್ಪನ ಬಾಗಿಲಲ್ಲಿ ಒಂದು ಕಲ್ಲು ತಪ್ಪಿದೆ. ಅದನ್ನಿಟ್ಟೋನು ನಾನು."

ಆ ಕಡೆ ಕುಕ್ಕರ್ ಕೂಗಿತು. ಒಲೆ ಆರಿಸಿದ ಸದ್ದೂ ಕೇಳಿಸಿತು.

"ಎಡಗಡೇದು ತಾನೆ?" ಎಂದರು ಹೆಂಡತಿ.

ಮೇಸ್ತ್ರಿ ತಿರುಗಿ ಬಾಗಿಲಿನ ಎಡಗಡೆ ನೋಡಿದರು.

"ಅಪ್ಪ ಮದುವೆಗೆ ಮುಂಚೇನೇ ಹೇಳಿದ್ರು ಕಣ್ರೀ. ಭಾರ ಹೊರೋ ಕಲ್ಲಲ್ಲ, ಸವೆದ್ರೂ ಬಾಗಿಲು ಬೀಳಲ್ಲ, ಹುಡುಗ ತಾನಾಗೇ ಹೇಳ್ತಾನಾ ನೋಡೋಣ ಅಂತ ಬಿಟ್ಟಿದೀನಿ ಅಂದ್ರು. ಈ ಸಂಬಂಧ ಬೇಡ ಅಂದ್ರೆ ಬಿಡು ಅಂತಾನೂ ಅಂದ್ರು. ಆ ಕಲ್ಲಿಟ್ಟ ಮೇಲೆ ನಿಮಗೆ ಮೂರು ದಿನ ಊಟ ಸೇರ್ಲಿಲ್ವಂತೆ. ಅದನ್ನ ಕೇಳೇ ನಾನು ಒಪ್ಕೊಂಡಿದ್ದು."

"ಮತ್ತೆ ಬಂದೋರಿಗೆಲ್ಲ ಒಂದು ಕಲ್ಲೂ ತಪ್ಪಿಲ್ಲ ಅಂತಿದ್ಯಲ್ಲ?"

"ಹಾಗಂದಾಗಲಾದ್ರೂ ಬಾಯಿ ಬಿಡ್ತೀರೇನೋ ಅಂತ. ನೀವು ನೀರು ಕುಡಿಯೋಕೆ ಎದ್ದು ಹೋಗ್ತಿದ್ರಿ." ಅವರ ದನಿ ಸ್ವಲ್ಪ ಒಡೆಯಿತು. "ಅಪ್ಪ ಕಾದು ಕಾದು ಹೋದ್ರು. ನಾನು ಕಾದಿದ್ದೂ ಸಾಕಾಯ್ತು. ಬನ್ನಿ ಮನೆಗೆ."

ಮೇಸ್ತ್ರಿ ಜೇಬಿನಿಂದ ರಸಮಟ್ಟ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಗುಳ್ಳೆ ನಡುವೆ ನಿಲ್ಲಲಿಲ್ಲ. ಆಮೇಲೆ ಎದ್ದು ಸೈಕಲ್ ತಳ್ಳಿಕೊಂಡು ಗೈಡಿನ ಹತ್ತಿರ ಹೋದರು.

"ತಮ್ಮಾ, ಸೈಕಲ್ ಹಾಕ್ಕೊಳ್ಳೋ ಬಸ್ಸು ಎಷ್ಟೊತ್ತಿಗಿದೆ?"