ಅತ್ತೆ ಕಿತ್ತು ತಂದ ತಂಗಡಿ ಬೀಜ

ಊಟ ಮಾಡುವಾಗಲೂ ನಮ್ಮ ಸೋದರತ್ತೆಯ ಒಂದು ಕಾಲು ಹೊಸಿಲಿನಾಚೆ ಇರುತ್ತಿತ್ತು. ಒಡೆದ ಹಿಮ್ಮಡಿ, ಹೆಬ್ಬೆರಳಲ್ಲಿ ಸದಾ ಒಂದು ಮುರಿದ ಮುಳ್ಳು. ಮುದ್ದೆ ನುಂಗುತ್ತಲೇ ಎದ್ದು ಎಮ್ಮೆ ನೋಡಿ ಬರುವಳು. ಪುರವರದಿಂದ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುವಳು. "ಕೂತ್ರೆ ಮೈ ಇಡ್ಕೊಂಬುಡ್ತದೆ ಕಣಮ್ಮ" ಎನ್ನುವಳು. ನನಗೂ ಅದೇ ಚಡಪಡಿಕೆ, ಆದರೆ ನನ್ನದು ತಲೆಯೊಳಗೆ.

ನಾನಾಗ ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೆ. ಕಾಡುಗಿಡಗಳ ಬೀಜದಿಂದ ಎಣ್ಣೆ ತೆಗೆದು, ಅದರಲ್ಲಿ ಅಪರೂಪದ ಕೊಬ್ಬಿನಾಮ್ಲ ಇದೆಯೇ ಎಂದು ಹುಡುಕುವ ಕೆಲಸ. ಬೀಜ ಕೂಡಿಸುವವಳು ಅತ್ತೆ. ಬೆಟ್ಟದ ತಪ್ಪಲು, ಬೇಲಿಸಾಲು, ಕೆರೆ ಏರಿ ಅಲೆದು ಸೆರಗಿಗೆ ಕಟ್ಟಿಕೊಂಡು ಬರುವಳು, ನಾನು ಅವತ್ತೇ ಒಯ್ಯುವೆ. ಎರಡು ವರ್ಷ ಏನೂ ಸಿಗಲಿಲ್ಲ. ನನ್ನನ್ನು ಕಂಡರೇ ಗೈಡ್ ನಿಟ್ಟುಸಿರು ಬಿಡುತ್ತಿದ್ದರು.

ಹಾಗಿರುವಾಗ ತಂಗಡಿ, ಅಂದರೆ ಆವರಿಕೆ ಗಿಡದ, ಬೀಜದ ಎಣ್ಣೆಯಲ್ಲಿ ರಿಸಿನೋಲಿಕ್ ಆಮ್ಲ ಬಂತು! ಹರಳೆಣ್ಣೆಯಲ್ಲಿ ತುಂಬಿರುವ ಆಮ್ಲ ಅದು. ತಂಗಡಿಯಲ್ಲಿದೆ ಎಂದು ನಾನೆಲ್ಲೂ ಓದಿರಲಿಲ್ಲ. ಮೂರು ಸಲ ಪರೀಕ್ಷಿಸಿದೆ, ಮೂರು ಸಲವೂ ಬಂತು. ಹಗಲೂ ರಾತ್ರಿ ಕೂತು ಲೇಖನ ಬರೆದೆ. ಕಳಿಸುವ ಮುನ್ನ ಇನ್ನಷ್ಟು ಬೀಜ ತರೋಣವೆಂದು ಪುರವರಕ್ಕೆ ಓಡಿದೆ.

ಅತ್ತೆ ಜಗುಲಿಯ ಮೇಲೆ ಮೊರ ಹಿಡಿದು ನಿಂತಿದ್ದಳು. ಮೊರದ ತುಂಬ ತಂಗಡಿ ಬೀಜ, ಮಿರಮಿರ ಮಿಂಚುತ್ತಿತ್ತು.

"ಇದ್ಯಾಕತ್ತೆ ಇಂಗೆ ಮಿಂಚ್ತೈತೆ?"

"ಒಸಿ ಹಳ್ಳೆಣ್ಣೆ ಸವರಿದೀನಿ ಕಣಮ್ಮ. ತೊಗರಿಗೆ ಹಚ್ಚಲ್ವಾ, ಅಂಗೆ. ನೀನು ಬರೋಗಂಟ ಹುಳ ಬೀಳ್ಬಾರ್ದಲ್ಲ."

ಹರಳೆಣ್ಣೆ! ಹೋದ ಸಲ ನಾನು ಬರಲು ಎರಡು ತಿಂಗಳು ತಡವಾಗಿತ್ತು. ತಂಗಡಿ ಬೀಜ ಅವಳ ಮಡಕೆಯಲ್ಲೇ ಇತ್ತು.

"ಹೋದ್ಸಲಾನೂ ಸವರಿದ್ಯಾ?"

"ಸವರ್ದೆ ಬುಡ್ತೀನಾ?" ಎಂದಳು, ಹೆಮ್ಮೆಯಿಂದ.

"ಯಾರ್ ಸವರು ಅಂದ್ರು ನಿಂಗೆ? ನನ್ ಮಾನ ಕಳ್ದುಬುಟ್ಟೆ!" ಬೀದಿಯವರೆಲ್ಲ ಹೊರಬಂದು ನೋಡುವಂತೆ ಕೂಗಾಡಿದೆ. ಅತ್ತೆ ಮೊರ ಕೆಳಗಿಟ್ಟು ಕೂತುಬಿಟ್ಟಳು.

ಎಂಟು ದಿನಕ್ಕೆ ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದಳು. ಕೂದಲು ಒಣಹುಲ್ಲಿನಂತೆ ಕೆದರಿತ್ತು. ನನ್ನ ಕೈಗೆ ಬಟ್ಟೆಗಂಟು ಕೊಟ್ಟಳು.

"ತಲೆಗೂ ಎಣ್ಣೆ ಹಚ್ಚಿಲ್ಲ, ಒಗ್ಗರಣೇನೂ ಹಾಕಿಲ್ಲ. ಸೀಗೇಪುಡೀಲಿ ಕೈ ತೊಳ್ಕೊಂಡು ಕಿತ್ತೀನಿ. ಈಗ ನೋಡಮ್ಮ."

ನೋಡಿದೆ. ರಿಸಿನೋಲಿಕ್ ಸುಳಿವೇ ಇಲ್ಲ. ಲೇಖನ ಹರಿದು ಹಾಕಿದೆ. ಸಂಜೆ ಅತ್ತೆಯ ಫೋನು.

"ಏನಾರ ಸಿಕ್ತಾ?"

"ಇಲ್ಲ ಅತ್ತೆ."

"ನಾನೇ ಕೆಡಿಸ್ಬುಟ್ಟೆ, ಅಲ್ವಾ?"

"ಇರ್ಲಿ ಬುಡತ್ತೆ" ಎಂದು ಫೋನಿಟ್ಟೆ. ಬೇರೆ ಬೀಜ ಅರೆಯಬೇಕಿತ್ತು, ಅವಸರ. ಮುಂದಿನ ಸುಗ್ಗಿಯ ಹೊತ್ತಿಗೆ ಅತ್ತೆ ಇರಲಿಲ್ಲ. ಎರಡು ದಿನದ ಜ್ವರ, ಅಷ್ಟೆ.

ಈಗ ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಅವತ್ತು ಜಗುಲಿಯ ಮೇಲೆ ಅವಳು ಮುಚ್ಚುಮರೆಯಿಲ್ಲದೆ ಹೇಳದಿದ್ದರೆ, ಅದೇ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಗಿರುತ್ತಿತ್ತು. ಬೀಜವನ್ನು ಅವಳು ಹೇಗಿಟ್ಟಿದ್ದಳು ಎಂದು ಮೊದಲೇ ಕೇಳಬೇಕಾದವಳು ನಾನು. ತಪ್ಪು ನಿನ್ನದಲ್ಲ ಅತ್ತೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಕೆಡಿಸಿದ್ದು ತಾನೇ ಎಂದುಕೊಂಡು ಹೋದಳು.