ಜೂನ್ ಒಂದರ ಮಕ್ಕಳು

ಇವತ್ತು ಏನು ವಿಶೇಷ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ನಾನು ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ಚಹಾಕ್ಕಿಟ್ಟು, ಕನ್ನಡಕ ಹುಡುಕಿಕೊಂಡು, ಮುಂಬಯಿಯ ಅಂಧೇರಿಯಲ್ಲಿ ನನ್ನ ಒಂದೇ ಕೋಣೆಯ ಮನೆಯ ಕಿಟಕಿಗೆ ಕೂತು, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಆ ದಿನದ ದಿನವಿಶೇಷ ಬರೆದು ಕಳಿಸುತ್ತೇನೆ. ಮಾರ್ಚ್ ಇಪ್ಪತ್ತು ವಿಶ್ವ ಗುಬ್ಬಚ್ಚಿ ದಿನ, ಅಂತರರಾಷ್ಟ್ರೀಯ ಸಂತೋಷ ದಿನವೂ ಅವತ್ತೇ. ನಮ್ಮ ಬಿಲ್ಡಿಂಗಿನಲ್ಲಿ ಎರಡೂ ಕಾಣದೆ ಬಹಳ ವರ್ಷವಾಯಿತು. ನವೆಂಬರ್ ಹತ್ತೊಂಬತ್ತು ವಿಶ್ವ ಶೌಚಾಲಯ ದಿನ ಮತ್ತು ಅಂತರರಾಷ್ಟ್ರೀಯ ಪುರುಷರ ದಿನ. ಇವೆರಡನ್ನೂ ಒಂದೇ ತಾರೀಖಿಗೆ ಕಟ್ಟಿದವರ ಮನೆಯಾಕೆಯನ್ನು ಒಮ್ಮೆ ಕಂಡು ಮಾತಾಡಿಸಬೇಕು ಅನಿಸುತ್ತದೆ. ಕಳಿಸಿದ ಮೇಲೆ ಯಾರಾದರೂ ಒಬ್ಬರು ಹೆಬ್ಬೆರಳಿನ ಚಿತ್ರ ಹಾಕುತ್ತಾರೆ. ಅಷ್ಟರಲ್ಲಿ ಚಹಾ ಉಕ್ಕಿರುತ್ತದೆ.

ದಿನವಿಶೇಷ ಎನ್ನುವುದು ಈ ರಾಜ್ಯದ ಶಾಲೆಗಳ ಪದ್ಧತಿ. ಕರಿಹಲಗೆಯ ಮೂಲೆಯಲ್ಲಿ ತಾರೀಖು, ಹಾಜರಿ, ಅದರ ಕೆಳಗೆ ಒಂದು ಸುವಿಚಾರ, ಒಂದು ದಿನವಿಶೇಷ. ಮರಾಠಿ ಶಾಲೆಗಳಲ್ಲಿ ಹೇಗೋ ಧಾರಾವಿಯ ನಮ್ಮ ಕನ್ನಡ ಶಾಲೆಯಲ್ಲೂ ಹಾಗೆಯೇ. ಸುವಿಚಾರ ಬರೆಯುವುದು ಹೆಡ್‌ಮಾಸ್ತರರ ಕೆಲಸವಾಗಿತ್ತು. ಅವರ ಹತ್ತಿರ ಇದ್ದದ್ದೇ ಒಂದು ಡಜನ್ ಸುವಿಚಾರ. ಅವನ್ನೇ ತಿರುಗಿಸಿ ತಿರುಗಿಸಿ ಬರೆದು ನಿವೃತ್ತರಾದರು. ದಿನವಿಶೇಷ ನನ್ನ ಪಾಲಿಗೆ ಬಂತು. ಏಪ್ರಿಲ್ ಹದಿನಾರಕ್ಕೆ ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ರೈಲಿನ ಕತೆ ಹೇಳಿದರೆ ಹಿಂದಿನ ಬೆಂಚಿನಿಂದ, ಅವತ್ತು ಎಲ್ಲರಿಗೂ ಸೀಟು ಸಿಕ್ಕಿತ್ತೇ ಎಂಬ ಪ್ರಶ್ನೆ ಬರುತ್ತಿತ್ತು. ಮೇ ಎಂಟರ ವಿಶ್ವ ಕತ್ತೆ ದಿನ ಮಾತ್ರ ಬೇಸಿಗೆ ರಜೆಯಲ್ಲೇ ಕಳೆದುಹೋಗುತ್ತಿತ್ತು. ಆ ದಿನ ನಾನು ಶುಭಾಶಯ ಹೇಳಬೇಕಾಗಿದ್ದ ಒಬ್ಬಿಬ್ಬರು ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದರು.

ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗತೊಡಗಿದರು. ನನ್ನ ಕೊನೆಯ ವರ್ಷಗಳಲ್ಲಿ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದೆವು. ನಾನು ನಿವೃತ್ತಳಾದ ಮೇಲೆ ಶಾಲೆ ಮುಚ್ಚಿತು. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ. ಅವ್ವ ನನ್ನ ಜೊತೆಗಿದ್ದಳು, ಅವಳು ಹೋಗಿ ಒಂಬತ್ತು ವರ್ಷವಾಯಿತು. ಈಗ ನನ್ನ ಫೋನು ಬಾರಿಸುವವರು ಕೊರಿಯರಿನವರು ಮತ್ತು ಸಾಲ ಬೇಕೇ ಎಂದು ಕೇಳುವ ಹುಡುಗಿಯರು. ಆ ಹುಡುಗಿಯರ ಜೊತೆ ನಾನು ಬೇಕೆಂದೇ ಎರಡು ನಿಮಿಷ ಹೆಚ್ಚು ಮಾತಾಡುತ್ತೇನೆ. ನಾಚಿಕೆಯೇನಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ನಮ್ಮ ಗುಂಪು ಹಬ್ಬದ ಸಂತೆಯಾಗುತ್ತದೆ. ಜೂನ್ ಒಂದು. ಜಗತ್ತಿಗೆ ಅದು ಹಾಲು ದಿನ. ನಮ್ಮ ಗುಂಪಿಗೆ ಅರ್ಧಕ್ಕರ್ಧ ಜನರ ಹುಟ್ಟುಹಬ್ಬ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಗುವಿನ ಕೈ ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹುಟ್ಟಿದ ತಾರೀಖು ಯಾವುದು ಎಂದರೆ ತಾಯಿ ನೆಲ ನೋಡುತ್ತಿದ್ದಳು, ತಂದೆ ಗೋಡೆ ನೋಡುತ್ತಿದ್ದ. ‘ನೀವ ಒಂದು ಬರಕೋರಿ’ ಅನ್ನುತ್ತಿದ್ದರು. ನಾನು ಹಲ್ಲು ಎಣಿಸಿ, ಎತ್ತರ ನೋಡಿ, ವರ್ಷ ಅಂದಾಜು ಮಾಡಿ, ಮುಂದೆ ಜೂನ್ ಒಂದು ಎಂದು ಬರೆಯುತ್ತಿದ್ದೆ. ಶಾಲೆಯ ವಯಸ್ಸಿನ ಲೆಕ್ಕಕ್ಕೆ ಅದು ಸಲೀಸು. ಹೀಗೆ ನಾನು ಹಡೆಯದೆ ಒಂದೇ ದಿನ ಹುಟ್ಟಿಸಿದ ಮಕ್ಕಳು ಇವತ್ತು ರಿಕ್ಷಾ ಓಡಿಸುತ್ತಾರೆ, ಬೈಕುಲ್ಲಾದ ಮಾರ್ಕೆಟಿನಲ್ಲಿ ಹಮಾಲಿ ಮಾಡುತ್ತಾರೆ, ಆಫೀಸುಗಳಲ್ಲಿ ಎಸಿ ರಿಪೇರಿ ಮಾಡುತ್ತಾರೆ. ಜೂನ್ ಒಂದಕ್ಕೆ ಒಬ್ಬರಿಗೊಬ್ಬರು ಕೇಕಿನ ಚಿತ್ರ ಕಳಿಸಿಕೊಳ್ಳುತ್ತಾರೆ. ನನಗೂ ಕಳಿಸುತ್ತಾರೆ, ಯಾಕೆಂದರೆ ನನ್ನ ದಾಖಲೆಯಲ್ಲೂ ಜೂನ್ ಒಂದೇ. ನಾನು ಕಲಿತದ್ದೂ ಅದೇ ಶಾಲೆಯಲ್ಲಿ. ಅವತ್ತು ಮೇಜಿನ ಹಿಂದೆ ಬೇರೆ ಮಾಸ್ತರರಿದ್ದರು.

ಹೋದ ವರ್ಷ ಜೂನ್ ಒಂದರ ಬೆಳಿಗ್ಗೆ ಹಾಲಿನ ಮಾಹಿತಿ ಕಳಿಸಿ ಕೂತಿದ್ದಾಗ ಫೋನು ಬಂತು. ಹಳೆಯ ವಿದ್ಯಾರ್ಥಿನಿ, ಈಗ ಒಂದು ಆಸ್ಪತ್ರೆಯಲ್ಲಿ ನರ್ಸು. ತನ್ನ ನಿಜವಾದ ಹುಟ್ಟಿದ ದಿನ ಸಿಕ್ಕಿತೆಂದು ಒಂದೇ ಉಸಿರಿನಲ್ಲಿ ಹೇಳಿದಳು. ತಾಯಿಯ ಟ್ರಂಕಿನಲ್ಲಿ ಹೆರಿಗೆಯ ಚೀಟಿ ಇತ್ತಂತೆ. ಅಕ್ಟೋಬರ್ ಒಂಬತ್ತು. ‘ಅಕ್ಕೋರ, ಅವತ್ತ ಏನ್ ವಿಶೇಷ ಐತ್ರಿ?’ ಎಂದು ಕೇಳಿದಳು. ಅಂಚೆ ದಿನ ಎಂದೆ. ಅಂಚೆ ದಿನ, ಅಂಚೆ ದಿನ ಎಂದು ಎರಡು ಸಲ ಹೇಳಿಕೊಂಡು ನಕ್ಕಳು. ನಾನು ತಪ್ಪು ತಾರೀಖು ಬರೆದದ್ದಕ್ಕೆ ಅವಳಿಗೆ ಸ್ವಲ್ಪವೂ ಸಿಟ್ಟಿರಲಿಲ್ಲ.

ಸಿಟ್ಟು ಬಂದದ್ದು ನನಗೆ, ಅದೂ ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಕತ್ತೆಯ ದಿನ ಗೊತ್ತು, ಅಂಚೆಯ ದಿನ ಗೊತ್ತು, ನನ್ನ ದಿನ ನನಗೆ ಗೊತ್ತಿಲ್ಲ. ಅವ್ವನನ್ನು ಎಷ್ಟು ಸಲ ಕೇಳಿದ್ದೆ. ನೆನಪಿಲ್ಲ ಅನ್ನುತ್ತಿದ್ದಳು, ಒತ್ತಾಯ ಮಾಡಿದರೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು. ಎಲ್ಲರಿಗೂ ವರ್ಷಕ್ಕೊಮ್ಮೆಯಾದರೂ ತಮ್ಮದೆನ್ನುವ ಒಂದು ದಿನ ಇರುತ್ತದೆ. ನನ್ನದೆಂದು ಯಾರೂ ಒಂದು ದಿನವನ್ನು ಎತ್ತಿಡಲಿಲ್ಲವಲ್ಲ ಎನಿಸಿತು. ನಾನು ಹುಟ್ಟಿದಾಗ ಅಲ್ಲಿದ್ದವರಲ್ಲಿ ಈಗ ಉಳಿದವಳು ಚಿಗವ್ವ ಒಬ್ಬಳೇ, ಅವ್ವನ ತಂಗಿ. ಅವಳು ಧಾರಾವಿಯಲ್ಲಿದ್ದಾಳೆ. ಅಂಧೇರಿಯಿಂದ ದೂರವೇನಿಲ್ಲ. ಆದರೂ ನಾನು ಹೋಗದೆ ವರ್ಷದ ಮೇಲಾಗಿತ್ತು. ಸೀರೆ ಬದಲಿಸಿ ಹೊರಟೆ.

ಹನ್ನೊಂದರ ಹೊತ್ತಿಗೆ ಸ್ಲೋ ಲೋಕಲ್‌ನಲ್ಲಿ ಮಾಹಿಮಿಗೆ ಇಳಿದು, ಬ್ರಿಜ್ ದಾಟಿ, ಪ್ಲಾಸ್ಟಿಕ್ ಗೋಣಿಗಳ ನಡುವೆ ನಡೆದು ಚಿಗವ್ವನ ಖೋಲಿ ಮುಟ್ಟಿದೆ. ಅವಳು ಬಾಗಿಲಲ್ಲಿ ಜೀನ್ಸ್ ಪ್ಯಾಂಟುಗಳ ರಾಶಿಯ ಪಕ್ಕ ಕೂತು ಚಿಕ್ಕ ಕತ್ತರಿಯಿಂದ ಹೊಲಿಗೆಯ ಬಿಟ್ಟ ದಾರ ಕತ್ತರಿಸುತ್ತಿದ್ದಳು. ಎಪ್ಪತ್ತೈದು ದಾಟಿದರೂ ಅವಳು ಆ ಕೆಲಸ ಬಿಟ್ಟಿಲ್ಲ, ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲವಂತೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ನನ್ನನ್ನು ನೋಡಿ, ಯಾರು ಸತ್ತರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಸತ್ತರೆ ಮಾತ್ರ ಬರುವವಳೆಂದು ನನ್ನನ್ನು ಸರಿಯಾಗಿಯೇ ತಿಳಿದುಕೊಂಡಿದ್ದಾಳೆ.

ಚಹಾ ಆಯಿತು, ಮೊಣಕಾಲು ನೋವಿನ ಮಾತಾಯಿತು. ಆಮೇಲೆ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಆಗ ತಾನು ಹನ್ನೆರಡೋ ಹದಿಮೂರೋ ವರ್ಷದವಳು, ಹುಡುಗಿಗೆ ಏನು ನೆನಪಿರುತ್ತದೆ ಎಂದಳು. ನಾನು ಬಿಡಲಿಲ್ಲ. ಮಳೆಗಾಲವೇ, ಬೇಸಿಗೆಯೇ, ಯಾವ ಹಬ್ಬದ ಹಿಂದೆ ಮುಂದೆ ಎಂದು ತರಗತಿಯಲ್ಲಿ ಉತ್ತರ ಹೊರಡಿಸುವ ಹಾಗೆ ಕೇಳುತ್ತಾ ಹೋದೆ. ಅವಳು ಪ್ಯಾಂಟಿನ ಮೇಲೆ ಪ್ಯಾಂಟು ಎತ್ತಿಕೊಳ್ಳುತ್ತಾ ಹೋದಳು.

‘ಈಗ ಯಾಕ ಬೇಕು ನಿನಗ ಅದು?’ ಎಂದು ಕೊನೆಗೆ ಕೇಳಿದಳು.

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ‘ನನ್ನ ನೆನಸವ್ರು ಯಾರೂ ಇಲ್ಲ ಚಿಗವ್ವಾ. ಒಂದು ದಿನನಾದ್ರೂ ಇರಲಿ ಅಂತ’ ಎಂದೆ.

ಅವಳು ಕತ್ತರಿ ಕೆಳಗಿಟ್ಟಳು. ನಿನಗೊಬ್ಬ ಅಣ್ಣನಿದ್ದ ಎಂದಳು. ಇದು ನಾನು ಈ ವಯಸ್ಸಿನವರೆಗೆ ಕೇಳದ ಮಾತು. ಎರಡು ವರ್ಷದ ಹುಡುಗ. ಕಾರಹುಣ್ಣಿಮೆಯ ದಿನ ಊರೆಲ್ಲ ಎತ್ತುಗಳಿಗೆ ಬಣ್ಣ ಬಳಿದು ಓಡಿಸುತ್ತಿದ್ದಾಗ ಅವನಿಗೆ ವಾಂತಿಭೇದಿ ಶುರುವಾಯಿತು. ಮರುದಿನ, ಹಬ್ಬದ ಕರಿಯ ದಿನ, ಬೆಳಿಗ್ಗೆ ಹೋಗಿಬಿಟ್ಟ. ಅವನನ್ನು ಮಣ್ಣು ಮಾಡಿ ಬಂದವರು ಇನ್ನೂ ಕಾಲು ತೊಳೆದಿರಲಿಲ್ಲ, ಅವ್ವನಿಗೆ ಹೊಟ್ಟೆನೋವು ಬಂತು. ಮಣ್ಣಿಗೆ ಬಂದ ಹೆಂಗಸರೇ ಹೆರಿಗೆಗೆ ನಿಂತರು. ಹೊತ್ತು ಮುಳುಗುವ ಮೊದಲು ನಾನು ಹುಟ್ಟಿದೆ.

‘ಈ ಕೂಸಿಗೆ ಆ ದಿನ ಯಾರೂ ಹೇಳಬ್ಯಾಡ್ರಿ, ತನ್ನ ಹುಟ್ಟಿದ ದಿನ ಕೂಸು ಅಳಬಾರದು ಅಂದ್ಲು ನಿಮ್ಮವ್ವ’ ಎಂದಳು ಚಿಗವ್ವ. ‘ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ಲು. ಈಗ ಹೇಳಿಬಿಟ್ಟೆ.’

ಹುಡುಗನ ಹೆಸರು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ಮರೆತಿದ್ದಳು. ಅದಕ್ಕೆ ಅವಳಿಗೆ ಆದ ಸಂಕಟ ನೋಡಲಾರದೆ, ಇರಲಿ ಬಿಡು ಎಂದು ನಾನೇ ಒಂದು ಪ್ಯಾಂಟು ಎತ್ತಿಕೊಂಡು ದಾರ ಕತ್ತರಿಸತೊಡಗಿದೆ. ನನ್ನ ಕೆಲಸ ಅವಳಿಗೆ ಹಿಡಿಸಲಿಲ್ಲ, ಬಟ್ಟೆ ಕತ್ತರಿಸುತ್ತೀ ಎಂದು ಕಸಿದುಕೊಂಡಳು. ಊಟ ಮಾಡಿಸಿ ಕಳಿಸಿದಳು.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಜನ ಕಡಿಮೆಯಿದ್ದರು. ಕಿಟಕಿಯ ಬಳಿ ಕೂತು ನನಗೆ ನೆನಪಾದದ್ದು ಅವ್ವನ ಒಂದು ಹಟ. ಮುಂಬಯಿಗೆ ಬಂದ ಮೇಲೂ ಪ್ರತಿ ವರ್ಷ ಕಾರಹುಣ್ಣಿಮೆಯ ಮರುದಿನ ಅವಳು ಕೆಲಸಕ್ಕೆ ಹೋಗುತ್ತಿರಲಿಲ್ಲ. ಕರಿ ದಿನ, ಹೊರಗೆ ಹೋಗಬಾರದು ಅನ್ನುತ್ತಿದ್ದಳು. ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ತಟ್ಟಿ, ನೀರು ಕಾಸಿ ಎರೆದು, ಹೋಳಿಗೆ ಮಾಡಿ ನನ್ನ ಮುಂದಿಡುತ್ತಿದ್ದಳು. ತಾನು ಮಾತ್ರ ತಿನ್ನುತ್ತಿರಲಿಲ್ಲ. ನಾನು ಕಲಿತವಳು. ಟೀಚರ್ ಆದ ಮೇಲೂ ಅವಳು ಎಣ್ಣೆ ಹಿಡಿದು ಬಂದಾಗ, ಇದೆಲ್ಲ ಮೂಢನಂಬಿಕೆ ಎಂದು ನಕ್ಕಿದ್ದೆ. ಒಂದು ವರ್ಷ ಶಾಲೆಗೆ ಹೊತ್ತಾಯಿತೆಂದು ಹೋಳಿಗೆಯನ್ನು ಹಾಗೇ ಬಿಟ್ಟು ಹೋಗಿದ್ದೆ. ಬಾಂದ್ರಾ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ, ಎದುರಿನ ಹೆಂಗಸು ನೀರಿನ ಬಾಟಲಿ ಚಾಚಿದಳು.

ಇನ್ನೊಂದು ವಿಚಾರ ಅದಕ್ಕಿಂತ ಹೆಚ್ಚು ಚುಚ್ಚಿತು. ನನ್ನ ಮೇಜಿನ ಮುಂದೆ ನೆಲ ನೋಡುತ್ತಾ ನಿಂತ ಆ ತಾಯಂದಿರು. ಅವರಿಗೆ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ, ಪಾಪ, ಓದುಬರಹ ಇಲ್ಲದವರು ಎಂದುಕೊಂಡು ಪೆನ್ನು ಎತ್ತುತ್ತಿದ್ದೆ. ಅವರಲ್ಲಿ ಎಷ್ಟು ಜನಕ್ಕೆ ದಿನ, ಗಳಿಗೆ, ಅವತ್ತಿನ ಮೋಡ ಎಲ್ಲವೂ ನೆನಪಿತ್ತೋ, ಹೇಳಲಾರದೆ ಸುಮ್ಮನೆ ನಿಂತಿದ್ದರೋ. ಅಷ್ಟು ವರ್ಷಗಳಲ್ಲಿ ನಾನು ಒಬ್ಬಳನ್ನೂ ಎರಡನೆಯ ಸಲ ಕೇಳಲಿಲ್ಲ.

ಮನೆಗೆ ಬಂದು ಪಂಚಾಂಗ ನೋಡಿದೆ. ಕಾರಹುಣ್ಣಿಮೆಗೆ ಇನ್ನೂ ಹತ್ತು ದಿನವಿತ್ತು. ನಾನು ಹುಟ್ಟಿದ ವರ್ಷದ ಇಂಗ್ಲಿಷ್ ತಾರೀಖು ಹುಡುಕಬಹುದಿತ್ತು, ಇಂಥದ್ದನ್ನು ಹುಡುಕುವುದರಲ್ಲಿ ನಾನು ಪಳಗಿದವಳು. ಹುಡುಕಲಿಲ್ಲ. ಅವ್ವ ನಂಬಿದ ದಿನವೇ ಸಾಕೆನಿಸಿತು.

ಕರಿಯ ದಿನ ಬೆಳಿಗ್ಗೆ ಗುಂಪಿಗೆ ಏನೂ ಕಳಿಸಲಿಲ್ಲ. ಯಾರೂ ಕೇಳಲೂ ಇಲ್ಲ. ತಲೆಗೆ ನಾನೇ ಎಣ್ಣೆ ಹಚ್ಚಿಕೊಂಡೆ, ಬೆನ್ನಿಗೆ ಕೈ ಎಟಕಲಿಲ್ಲ. ಹೋಳಿಗೆಗೆ ಕಡಲೆಬೇಳೆ ಬೇಯಿಸಿದೆ, ಹೂರಣ ನೀರಾಗಿ, ತಟ್ಟಿದ್ದೆಲ್ಲ ಹಂಚಿನ ಮೇಲೆ ಹರಿಯಿತು. ಅವ್ವ ಇದ್ದಿದ್ದರೆ ನಗುತ್ತಿದ್ದಳು. ಆ ಹರಕು ಹೋಳಿಗೆಯ ಮುಂದೆ ಕೂತು, ತಿನ್ನಬೇಕೋ ಬೇಡವೋ ಗೊತ್ತಾಗಲಿಲ್ಲ. ಹುಟ್ಟಿದ್ದಕ್ಕೆ ತಿಂದರೆ ಆ ಅಣ್ಣನಿಗೆ ಅನ್ಯಾಯ, ಅವನಿಗಾಗಿ ಬಿಟ್ಟರೆ ಅವ್ವ ಪಟ್ಟ ಪಾಡೆಲ್ಲ ವ್ಯರ್ಥ. ಬೇಕೆಂದು ಬೇಡಿ ತಂದುಕೊಂಡ ದಿನ, ಅದನ್ನು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಒಂದರ ಸುಮಾರಿಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಸಾಲದ ಹುಡುಗಿ ಇರಬೇಕೆಂದು ಎತ್ತಿದೆ. ಚಿಗವ್ವ. ಅವಳಿಗೆ ಫೋನು ಮಾಡಲು ಬರುವುದಿಲ್ಲ, ಪಕ್ಕದ ಖೋಲಿಯವಳ ಕೈಯಿಂದ ಹಚ್ಚಿಸಿದ್ದಳು.

‘ಉಂಡೀ ಏನು?’ ಎಂದು ಕೇಳಿದಳು.

ಇನ್ನೂ ಇಲ್ಲ ಎಂದೆ.

‘ಉಣ್ಣು. ನಿಮ್ಮವ್ವ ಉಪಾಸ ಇರತಿದ್ದದ್ದು ಆಕಿ ಪಾಲಿಂದು, ನಿನ್ನದಲ್ಲ.’

ಇವತ್ತೆಂದು ನಿನಗೆ ಹೇಗೆ ನೆನಪಿತ್ತು ಎಂದು ಕೇಳಿದೆ.

‘ಮರತದ್ದು ಯಾವಾಗ?’ ಎಂದಳು. ‘ನಿಮ್ಮವ್ವ ಇರೂತನಕ ಇಬ್ಬರೂ ನೆನಸ್ತಿದ್ವಿ. ಆಕಿ ಹೋದಮ್ಯಾಲ ನಾ ಒಬ್ಬಾಕಿನ ನೆನಸ್ಕೋತ ಕುಂದರ್ತಿದ್ದೆ. ಈ ವರ್ಷ ಮತ್ತ ಇಬ್ಬರಾದ್ವಿ ನೋಡು.’

ಹೂಂ ಎಂದೆ. ತಟ್ಟೆಯನ್ನು ಹತ್ತಿರ ಎಳೆದುಕೊಂಡೆ. ನಾನು ಒಂದು ತುತ್ತು ತಿನ್ನುವವರೆಗೂ ಅವಳು ಫೋನು ಇಡಲಿಲ್ಲ.