ಮೂರನೆಯ ಬೆದೆ

ದುಬಲಗುಂಡಿಯಲ್ಲಿ ಹಂದಿ ಸಾಕುವ ಶಾಂತಾಬಾಯಿ ಹೋದ ವರ್ಷ ಎಳೆಯ ಹಂದಿಯೊಂದನ್ನು ಮೊದಲ ಬೆದೆಗೇ ಗಂಡಿನ ಹತ್ತಿರ ಬಿಟ್ಟಿದ್ದರು. ಅದು ನಾಲ್ಕೇ ಮರಿ ಹಾಕಿತು. ಈ ಸಲ ಇನ್ನೊಂದು ಎಳೆಯ ಹಂದಿ ಬೆದೆಗೆ ಬಂದಾಗ ಪಶುವೈದ್ಯನಾದ ನನ್ನನ್ನು ಕರೆಸಿದರು.

ನಾನು ಕೇಳುವ ಮೊದಲೇ ಅವರು ಹಂದಿಯ ಬೆನ್ನನ್ನು ಅಂಗೈಯಿಂದ ಒತ್ತಿ ತೋರಿಸಿದರು. ಅದು ಕದಲದೆ ನಿಂತಿತು; ಬೆದೆಗೆ ಬಂದದ್ದರ ಗುರುತು ಅದು.

"ಇದು ಮೊದಲನೇ ಬೆದಿರಿ. ಬಿಡ್ಲೇನ್ರಿ?"

"ಬ್ಯಾಡ್ರಿ. ಇಪ್ಪತ್ತೊಂದು ದಿನಕ್ಕೊಮ್ಮೆ ಬರತದ. ಮೂರನೇದಕ್ಕ ಬಿಡ್ರಿ. ಅದಕ್ಕ ಮೊದಲು ಎರಡು ವಾರ ಚಲೋ ತಿನ್ನಸ್ರಿ. ಮರಿ ಹೆಚ್ಚಾಗತಾವ."

"ಯಾಕ್ರಿ ಹಂಗ?"

"ಬೆದಿ ಬಂದದ ಖರೆ, ಅದರ ಮೈ ಇನ್ನಾ ಬೆಳೀಬೇಕಲ್ರಿ."

ಶಾಂತಾಬಾಯಿ ಹಂದಿಯ ಬೆನ್ನು ಸವರಿದರು.

"ನನಗ ಹದಿಮೂರಕ್ಕ ಲಗ್ನ ಮಾಡಿದ್ರು ಸಾಹೇಬ್ರ. ಮೊದಲನೇ ಕೂಸು ಉಳೀಲಿಲ್ಲ. ಈ ಮಾತು ಹೇಳಾಕ ಆವಾಗ ನಮ್ಮವ್ವನ ಮನಿಗಿ ಯಾರೂ ಬರಲಿಲ್ರಿ."

ನಾನು ಚೀಲ ಎತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ.

ಅವರು ಕಾದರು. ಹಂದಿ ಹತ್ತು ಮರಿ ಹಾಕಿತು. ಈಗ ಊರಲ್ಲಿ ಯಾರಾದರೂ ಎಳೆಯ ಹುಡುಗಿಗೆ ಗಂಡು ನೋಡಲು ಹೊರಟರೆ ಶಾಂತಾಬಾಯಿ ಆ ಮನೆಗೇ ಹೋಗಿ, "ಇನ್ನಾ ಮೈ ಬೆಳೀಬೇಕಂತ ಡಾಕ್ಟರ್ ಹೇಳ್ಯಾರ" ಎಂದು ತಡೆಯುತ್ತಾರಂತೆ. ಎಂಥ ಡಾಕ್ಟರ್ ಎಂದು ಮಾತ್ರ ಹೇಳುವುದಿಲ್ಲವಂತೆ.